ಕಾಣದ ಶ್ವಾಸಕೋಶವನ್ನು ಓದುವುದು

ಗರ್ಭದ ಮಗುವನ್ನು ಸಲೀಸಾಗಿ ತೋರಿಸುವ ಅಲ್ಟ್ರಾಸೌಂಡ್, ಶ್ವಾಸಕೋಶದ ಮುಂದೆ ಕುರುಡು. ಶಬ್ದದ ಅಲೆ ಅಂಗಾಂಶ ದಾಟಿ ಗಾಳಿಗೆ ತಾಗಿದ ಕೂಡಲೇ ಶೇ 99ಕ್ಕೂ ಹೆಚ್ಚು ಪಾಲು ಹಿಂದಕ್ಕೆ ಪುಟಿಯುತ್ತದೆ. ಒಳಗಿನದೇನೂ ಪರದೆಗೆ ಬರುವುದಿಲ್ಲ. ಎದೆಗೆ ಈ ಯಂತ್ರ ಆಗಿಬರದು ಎಂಬ ಮಾತು ವೈದ್ಯರಲ್ಲಿ ಬಹುಕಾಲ ಉಳಿದದ್ದು ಇದಕ್ಕೇ.

ಫ್ರಾನ್ಸಿನ ಐಸಿಯು ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ ಆ ಪುಟಿತವನ್ನೇ ಓದಲು ಕೂತರು. ಉಸಿರಾಟದ ತೊಂದರೆಯ ಕಾರಣ ಹುಡುಕುವ ಅವರ ಕ್ರಮ 2008ರಲ್ಲಿ ಪ್ರಕಟವಾಯಿತು. ಪಕ್ಕೆಲುಬುಗಳ ನಡುವೆ ಹೊಳೆಯುವ ಬಿಳಿ ಗೆರೆ ಪ್ಲೂರಾ, ಅಂದರೆ ಶ್ವಾಸಕೋಶದ ಹೊದಿಕೆ. ಒಳಗೆ ಗಾಳಿಯಿದ್ದರೆ ಅದೇ ಗೆರೆಯ ನಕಲುಗಳು ಕೆಳಗೆ ಸಮ ಅಂತರದಲ್ಲಿ ಅಡ್ಡಡ್ಡ ಮೂಡುತ್ತವೆ. ನೀರು ಸೇರಿದರೆ ಟಾರ್ಚಿನ ಬೆಳಕಿನಂತಹ ಪಟ್ಟೆಗಳು ಪರದೆಯ ತಳದವರೆಗೂ ನೆಟ್ಟಗೆ ಇಳಿಯುತ್ತವೆ. ಇವು ಬಿ-ಲೈನ್‌ಗಳು. ಎರಡೂ ಯಂತ್ರದ ಭ್ರಮೆಗಳೇ, ಆದರೆ ನಂಬಬಹುದಾದ ಭ್ರಮೆಗಳು!

ಎವರೆಸ್ಟ್ ದಾರಿಯ ಫೆರಿಚೆ ಹಳ್ಳಿ 4,200 ಮೀಟರಿಗೂ ಎತ್ತರದಲ್ಲಿದೆ. ಅಂಥ ಕಡೆ ಆಮ್ಲಜನಕ ಕಡಿಮೆಯಾಗಿ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ, ಕೆಲವರಲ್ಲಿ ನೀರು ಒಸರುತ್ತದೆ. ಅಲ್ಲಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿ-ಲೈನ್ ಹೆಚ್ಚಿದಷ್ಟೂ ರಕ್ತದ ಆಮ್ಲಜನಕ ಕಡಿಮೆಯಿತ್ತು. ಚೇತರಿಸಿಕೊಂಡಂತೆ ಪಟ್ಟೆಗಳೂ ಮಾಯವಾದವು. ಎಕ್ಸ್‌ರೇ ಕೋಣೆಯಿಲ್ಲದ ಕಡೆ ಇಷ್ಟು ತಿಳಿದರೆ ರೋಗಿಯನ್ನು ಕೂಡಲೇ ಕೆಳಗಿಳಿಸಬೇಕೋ ಎಂಬ ತೀರ್ಮಾನ ಸುಲಭ. ಚಳಿಗೆ ಬ್ಯಾಟರಿ ಸೋಲದಂತೆ, ಜೆಲ್ ಹೆಪ್ಪುಗಟ್ಟದಂತೆ ಅಂಗಿಯೊಳಗೆ ಬೆಚ್ಚಗಿಟ್ಟುಕೊಳ್ಳುವುದೂ ಇಲ್ಲಿ ವೈದ್ಯಕೀಯವೇ.

ಪೆಟ್ಟು ಬಿದ್ದು ಪ್ಲೂರಾದ ಪದರಗಳ ನಡುವೆ ಗಾಳಿ ಸೋರಿದ್ದರೆ ನೋಡಬೇಕಾದದ್ದು ಚಲನೆ. ಉಸಿರಿನ ಜೊತೆ ಬಿಳಿ ಗೆರೆ ಜಾರುತ್ತಿದ್ದರೆ ಪ್ರೋಬ್ (ಮೈಮೇಲೆ ಇಟ್ಟು ನೋಡುವ ಯಂತ್ರದ ಹಿಡಿ) ಇಟ್ಟ ಜಾಗದಲ್ಲಿ ಸೋರಿಕೆಯಿಲ್ಲ. ಜಾರದಿದ್ದರೆ? ಅಲ್ಲಿ ಆತುರ ಸಲ್ಲದು: ಹಳೆಯ ಕಾಯಿಲೆಯಿಂದ ಪದರಗಳು ಅಂಟಿಕೊಂಡಿದ್ದರೂ ಗೆರೆ ಜಾರುವುದಿಲ್ಲ. ಜಾರುವ ಭಾಗವೂ ನಿಂತ ಭಾಗವೂ ಸಂಧಿಸುವ ಬಿಂದು ಸಿಕ್ಕರೆ ಮಾತ್ರ ಅನುಮಾನ ಗಟ್ಟಿಯಾಗುತ್ತದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2004–05ರಲ್ಲಿದ್ದ ಲೆರಾಯ್ ಚಿಯಾವ್, ಸಲಿಜಾನ್ ಶರಿಪೋವ್ ವೈದ್ಯರಲ್ಲ. ಆದರೂ ಭೂಮಿಯಿಂದ ತಜ್ಞರು ಹೇಳಿದಂತೆ ಪ್ರೋಬ್ ತಿರುಗಿಸಿ ಕಣ್ಣಿನ ಒಳ್ಳೆಯ ಚಿತ್ರಗಳನ್ನೇ ತೆಗೆದರು. ಎದೆಯ ಲೆಕ್ಕ ಅಲ್ಲಿ ಬೇರೆ. ಭೂಮಿಯ ಮೇಲೆ ಅಂಗಾತ ಮಲಗಿದವರಲ್ಲಿ ಸೋರಿದ ಗಾಳಿ ಎದೆಯ ಮುಂಭಾಗಕ್ಕೆ ಏರುತ್ತದೆ, ಹಾಗಾಗಿ ಹುಡುಕಾಟ ಅಲ್ಲಿಂದಲೇ ಶುರು. ತೂಕವಿಲ್ಲದ ಎದೆಯಲ್ಲಿ ಮೇಲೆ-ಕೆಳಗೆ ಎಂಬುದೇ ಇಲ್ಲವಲ್ಲ; ಪ್ರೋಬ್ ಎಲ್ಲ ಕಡೆ ಸುತ್ತಬೇಕು.