ಇಂಗಿತ: ಬಾಯಿ ಆಡದ ಮಾತು

‘ಏನೂ ಇಲ್ಲ ಬಿಡು.’ ಹೀಗೆ ಹೇಳಿದವರ ಮುಖ ಬಾಡಿರುತ್ತದೆ, ದನಿ ಕುಗ್ಗಿರುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ಬಾಯಿ ಹೇಳದೆ ಉಳಿಸಿದ್ದನ್ನು ಮೈ ಹೇಳಿಬಿಡುತ್ತದೆ. ಅದಕ್ಕೇ ಇಂಗಿತ ಅನ್ನುವುದು.

ಸಂಸ್ಕೃತದ ‘ಇಂಗ್’ ಅಂದರೆ ಅಲುಗಾಡು, ಮಿಸುಕು. ಅದರಿಂದ ಬಂದ ಇಂಗಿತಕ್ಕೆ ಮೈಯ ಚಲನೆ, ಸನ್ನೆ ಎಂದು ಅರ್ಥ. ಆ ಸನ್ನೆಯಲ್ಲಿ ಇಣುಕುವ ಮನಸ್ಸಿನ ಬಯಕೆಗೂ ಅದೇ ಹೆಸರು. ಈಗ ಸುದ್ದಿಯಲ್ಲಿ ‘ಸ್ಪರ್ಧಿಸುವ ಇಂಗಿತ ವ್ಯಕ್ತಪಡಿಸಿದರು’ ಎಂದು ಬರೆಯುತ್ತಾರೆ. ಮೈಕ್ ಮುಂದೆ ಬಾಯಿಬಿಟ್ಟು ಹೇಳಿದ್ದೂ ಇಂಗಿತವೇ ಆಗಿದೆ. ನನಗೆ ಹಳೆಯ ಅರ್ಥವೇ ಜಾಸ್ತಿ ಇಷ್ಟ. ಹೇಳದಿದ್ದರೂ ತಿಳಿದುಕೊಳ್ಳುವವರಿಗೆ ‘ಇಂಗಿತಜ್ಞ’ ಎಂಬ ಚೆಂದದ ಪದವೂ ಇದೆ.

ಮಾತು ಕಲಿಯುವ ಮೊದಲೇ ನಾವು ಇದನ್ನು ಓದತೊಡಗುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ಎಳೆಮಗುವಿನ ಜೊತೆ ಮೊದಲು ಎಂದಿನಂತೆ ಆಡುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಸುಮ್ನೆ ನೋಡುತ್ತಾಳೆ. ಮಗು ನಗುತ್ತದೆ, ಸದ್ದು ಮಾಡುತ್ತದೆ, ಕೈ ಚಾಚುತ್ತದೆ. ತಾಯಿಯ ಮುಖ ಅರಳದಿದ್ದರೆ ಕೊನೆಗೆ ಅತ್ತ ತಿರುಗಿಬಿಡುತ್ತದೆ. ಯಾರೂ ಗದರಿಲ್ಲ, ಆದರೂ ಮಗು ಸೋತುಹೋಗುತ್ತದೆ. ದೊಡ್ಡವರಾದ ಮೇಲೂ ಇದು ಹೋಗುವುದಿಲ್ಲ. ಕಷ್ಟ ಹೇಳಿಕೊಳ್ಳುವಾಗ ಎದುರಿಗಿರುವವರು ಮೊಬೈಲ್ ನೋಡುತ್ತಾ ‘ಹೂಂ, ಹೂಂ’ ಅಂದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ, ಅಲ್ವಾ?

‘ಸಂವಹನದಲ್ಲಿ ಮಾತಿನ ಪಾಲು ಶೇ. 7 ಮಾತ್ರ’ ಎಂಬ ಲೆಕ್ಕವನ್ನು ನೀವೂ ಕೇಳಿರಬಹುದು. ಅದರ ಮೂಲ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಮಾತು, ದನಿ, ಮುಖ ಒಂದಕ್ಕೊಂದು ಹೊಂದದಿದ್ದಾಗ, ಹೇಳುವವರಿಗೆ ಇಷ್ಟವೋ ಅಲ್ಲವೋ ಎಂದು ಜನ ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ವಿಷಯ. ಎಲ್ಲ ಮಾತುಕತೆಗೂ ಅದನ್ನು ಅನ್ವಯಿಸುವುದು ತಪ್ಪು.

ಇಂಗಿತ ಕಣ್ಣಿಗೆ ಬಿದ್ದ ಮಾತ್ರಕ್ಕೆ ಮನಸ್ಸು ಗೊತ್ತಾಯಿತು ಎಂದಲ್ಲ. ಕೈಕಟ್ಟಿ ಕೂತವರಿಗೆ ಸಿಟ್ಟೇ ಬಂದಿರಬೇಕಿಲ್ಲ, ಚಳಿಯೂ ಆಗಿರಬಹುದು. ಕಣ್ಣು ತಪ್ಪಿಸುವವರು ಸುಳ್ಳೇ ಹೇಳುತ್ತಿರಬೇಕಿಲ್ಲ, ಬರೀ ಸಂಕೋಚ ಇರಬಹುದು. ಎಂಪಥಿ, ಅಂದರೆ ಪರಾನುಭೂತಿ, ಬೇಕಾಗುವುದು ಇಲ್ಲೇ. ನಮ್ಮ ಊಹೆಯನ್ನು ಬದಿಗಿಟ್ಟು, ಅವರಿಗೆ ಏನಾಗುತ್ತಿದೆ ಎಂದು ಅವರ ಕಡೆಯಿಂದ ನೋಡಬೇಕು. ತಿಳಿಯದಿದ್ದರೆ ಕೇಳಬೇಕು, ಕೇಳಿ ಕಾಯಬೇಕು.

ಒಮ್ಮೆ ನನ್ನ ತಂಗಿ ಇಡೀ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮುನಿಸಿಕೊಂಡಿದ್ದಾಳೆ ಎಂದುಕೊಂಡು ನಾನೂ ಮುಖ ಊದಿಸಿಕೊಂಡೆ. ರಾತ್ರಿ ತಡೆಯಲಾಗದೆ ಪಕ್ಕ ಕೂತು, ‘ನನ್ನಿಂದ ಏನಾದರೂ ಬೇಜಾರಾಯ್ತೇನೇ?’ ಎಂದು ಕೇಳಿದೆ. ‘ಇಲ್ಲ ಅಕ್ಕಾ, ಬೆಳಿಗ್ಗೆಯಿಂದ ಹಲ್ಲುನೋವು. ಬಾಯಿ ತೆಗೆಯೋಕೇ ಆಗ್ತಿಲ್ಲ’ ಎಂದಳು. ಅವಳು ಆಗಾಗ ಕೆನ್ನೆ ಒತ್ತಿಕೊಳ್ಳುತ್ತಿದ್ದುದನ್ನು ನಾನು ದಿನವಿಡೀ ನೋಡಿದ್ದೆ.