ಬಟ್ಟಲು ಹಿಡಿದ ಗುಲಾಮ ಯಾವ ಊರಿನವನು?

ಹಳೆಯ ಇಸ್ಪೀಟ್ ಎಲೆಯೊಂದು ಮಾರಾಟಕ್ಕೆ ಬರುತ್ತೆ. ಅಂಚು ಸವೆದ ದಪ್ಪ ಕಾಗದ, ಅದರ ಮೇಲೆ ಬಟ್ಟಲು ಹಿಡಿದ ಗುಲಾಮ. ಜೊತೆಗೊಂದು ಚೀಟಿ: ‘ಸ್ಪೇನ್, 18ನೇ ಶತಮಾನ’. ಆ ‘ಸ್ಪೇನ್’ ಅನ್ನೋ ಪದದಲ್ಲೇ ಗೋಜಲು ಇರುವುದು.

ಇಸ್ಪೀಟ್ ಯುರೋಪಿಗೆ ಬಂದದ್ದು 1370ರ ದಶಕದ ಹೊತ್ತಿಗೆ, ಬಹುಶಃ ಮಾಮ್ಲೂಕ್ ಸುಲ್ತಾನರು ಆಳುತ್ತಿದ್ದ ಈಜಿಪ್ಟಿನ ಕಡೆಯಿಂದ. ಅವರ ಎಲೆಗಳಲ್ಲಿ ನಾಣ್ಯ, ಬಟ್ಟಲು, ಕತ್ತಿ, ಪೋಲೊ ಕೋಲು ಇದ್ದವು. ಯುರೋಪಿನವರಿಗೆ ಪೋಲೊ ಗೊತ್ತಿರಲಿಲ್ಲ, ಆ ಕೋಲು ಬರೀ ದೊಣ್ಣೆಯಾಯಿತು. ಸ್ಪೇನಿನಲ್ಲಿ ಇವೇ ಓರೊಸ್, ಕೋಪಾಸ್, ಎಸ್ಪಾದಾಸ್, ಬಾಸ್ತೋಸ್. ಈ ಕಟ್ಟಿನಲ್ಲಿ ರಾಣಿ ಇಲ್ಲ. ರಾಜ, ಕುದುರೆ ಸವಾರ, ಗುಲಾಮ, ಅಷ್ಟೇ. ಒಟ್ಟು 48 ಎಲೆ, ಕೆಲವು ಆಟಕ್ಕೆ 40.

ಇವನ್ನು ಮಾಡುತ್ತಿದ್ದ ರೀತಿ ನೋಡಬೇಕು. ಮರದ ಅಚ್ಚಿನಲ್ಲಿ ಚಿತ್ರವನ್ನು ತಿರುಗುಮುರುಗಾಗಿ ಕೆತ್ತುತ್ತಿದ್ದರು. ಒಂದು ಹಾಳೆಗೆ ಹಲವು ಎಲೆ. ಕಪ್ಪು ಗೆರೆ ಅಚ್ಚಾದ ಮೇಲೆ, ಕತ್ತರಿಸಿದ ಕಿಂಡಿಗಳಿದ್ದ ಹಾಳೆಯನ್ನು ಮೇಲಿಟ್ಟು ಕುಂಚದಿಂದ ಬಣ್ಣ ತುಂಬುತ್ತಿದ್ದರು. ಕೆಂಪಿಗೆ ಒಂದು ಹಾಳೆ, ಹಳದಿಗೆ ಇನ್ನೊಂದು. ಹಾಳೆ ಕೂದಲೆಳೆಯಷ್ಟು ಜರುಗಿದರೂ ರಾಜನ ಕೆಂಪು ಅಂಗಿ ಗೆರೆ ದಾಟಿ ಗಡ್ಡಕ್ಕೆ ತಾಗುತ್ತೆ. ಹಾಗಾಗಿ ಒಂದೇ ಅಚ್ಚಿನ ಎರಡು ರಾಜರು ತದ್ರೂಪ ಇರಲ್ಲ. ನನಗಂತೂ ಇದೇ ಜಾಸ್ತಿ ಇಷ್ಟ. ಕಡೆಗೆ ಕಾಗದದ ಪದರಗಳನ್ನು ಅಂಟಿಸಿ, ಒಣಗಿಸಿ, ಕತ್ತರಿಸಿದರೆ ಕಟ್ಟು ಸಿದ್ಧ.

ಮುಂದೆ ಇನ್ನೊಂದು ಜಾಣತನ ಸೇರಿತು. ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಗೆರೆ ನೋಡಿ. ನಾಣ್ಯಕ್ಕೆ ಗೆರೆ ಪೂರ್ತಿ. ಬಟ್ಟಲಿಗೆ ಒಂದು ಕಡೆ ತುಂಡು, ಕತ್ತಿಗೆ ಎರಡು ಕಡೆ, ದೊಣ್ಣೆಗೆ ಮೂರು. ಕೈಯಲ್ಲಿ ಎಲೆಗಳನ್ನು ಒತ್ತಾಗಿ ಹಿಡಿದರೂ ಅಂಚು ನೋಡಿದರೆ ಸಾಕು, ಯಾವ ಗುಂಪಿನದು ಅಂತ ತಿಳಿಯುತ್ತೆ. ಇದಕ್ಕೆ ‘ಪಿಂತಾ’ ಅಂತಾರೆ.

ಈಗ ಮೊದಲಿನ ಪ್ರಶ್ನೆ. ನಾಣ್ಯ, ಬಟ್ಟಲು, ಕತ್ತಿ, ದೊಣ್ಣೆಯ ಇದೇ ಗುರುತಿನ ಎಲೆಗಳನ್ನು ಫ್ರಾನ್ಸಿನ ಥಿಯೇರ್, ರೂವಾನ್ ಊರುಗಳಲ್ಲೂ ಮಾಡಿ ಸ್ಪೇನಿಗೆ ಕಳಿಸುತ್ತಿದ್ದರು. ಪಶ್ಚಿಮ ಫ್ರಾನ್ಸಿನ ಅಲುಯೆತ್ ಆಟಕ್ಕೆ ಇಂದಿಗೂ ಇದೇ ಗುರುತು. ಅತ್ತ ಸ್ಪೇನ್ ಸರ್ಕಾರಕ್ಕೆ ಇಸ್ಪೀಟ್ ಆದಾಯದ ದಾರಿಯಾಯಿತು, ಮಾರಾಟ ಅದರ ಹಿಡಿತಕ್ಕೆ ಬಂತು. 1776ರಲ್ಲಿ ಮಾಲಗಾ ಹತ್ತಿರದ ಮಚಾರವಿಯಾಯ ಅನ್ನೋ ಪುಟ್ಟ ಹಳ್ಳಿಯಲ್ಲಿ, ಅಮೆರಿಕದ ವಸಾಹತುಗಳಿಗಾಗಿಯೇ ರಾಜರ ಕಾರ್ಖಾನೆ ಎದ್ದಿತು. ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನ ಈ ಚಿತ್ರಗಳನ್ನು ನೋಡಿಕೊಂಡು ಹಸಿ ಚರ್ಮದ ಮೇಲೆ ತಮ್ಮದೇ ಎಲೆ ಬರೆದುಕೊಂಡರು. 19ನೇ ಶತಮಾನದಲ್ಲಿ ಕಲ್ಲಚ್ಚು ಬಂತು, ಕೈಬಣ್ಣ ನಿಂತಿತು.

ಅಂದರೆ ಗುರುತು ಊರನ್ನು ಹೇಳಲ್ಲ. ಹೇಳುವುದು ತಯಾರಕರ ಹೆಸರು, ಅದು ಸಾಮಾನ್ಯವಾಗಿ ಕಟ್ಟಿನ ಒಂದೆರಡು ಎಲೆಗಳ ಮೇಲೆ ಮಾತ್ರ ಇರುತ್ತೆ. ಕಟ್ಟು ಒಡೆದು ಬಿಡಿಬಿಡಿಯಾಗಿ ಮಾರಿದರೆ ಎಕ್ಕ ಒಬ್ಬರ ಗೋಡೆಗೆ, ರಾಜ ಇನ್ನೊಬ್ಬರ ಪೆಟ್ಟಿಗೆಗೆ, ಹೆಸರಿದ್ದ ಎಲೆ ಮತ್ತೆಲ್ಲಿಗೋ. ಆಮೇಲೆ ಗುಲಾಮನ ಚೀಟಿ ಬರೆಯುವವರಿಗೆ ಉಳಿಯುವುದು ‘ಸ್ಪೇನ್’ ಅನ್ನೋ ಒಂದೇ ಪದ.