ಟವರ್‌ಗೊಂದು ಅರ್ಥ್, ರೇಡಿಯೋಗೊಂದು ಅರ್ಥ್ ಬೇಡ

ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಮಲೆನಾಡಿನ ಗುಡ್ಡಗಳ ಮೇಲಿನ ರಿಪೀಟರ್‌ಗಳು (ರೇಡಿಯೋ ಸಂಕೇತ ಹಿಡಿದು ಮುಂದಕ್ಕೆ ಕಳಿಸುವ ಯಂತ್ರಗಳು) ಸುಡತೊಡಗುತ್ತವೆ. ಹೋಗಿ ನೋಡಿದರೆ ಟವರ್‌ಗೆ ಒಂದು ಅರ್ಥ್ ಗುಂಡಿ, ರೇಡಿಯೋಗೆ ಹತ್ತು ಮೀಟರ್ ಆಚೆ ಇನ್ನೊಂದು. ಎರಡನ್ನೂ ಕೂಡಿಸಿರುವುದಿಲ್ಲ. ‘ಸಿಡಿಲು ರೇಡಿಯೋ ಕಡೆ ಬರಬಾರದು ಅಂತಲೇ ಬೇರೆ ಮಾಡಿಸಿದ್ದು ಸಾರ್’ ಎನ್ನುತ್ತಾರೆ ಅಲ್ಲಿನವರು. ಅದು ಬರುವುದೇ ಹಾಗೆ ಮಾಡಿದ್ದರಿಂದ.

ಲೆಕ್ಕ ಹಾಕಿ ನೋಡಿ. ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಟವರ್ ಗುಂಡಿ 5 ಓಮ್ ಇದ್ದು ಅಷ್ಟೂ ಕರೆಂಟು ಅಲ್ಲೇ ಇಳಿದರೆ, ಟವರ್ ಬುಡ ಆ ಕ್ಷಣ 1,50,000 ವೋಲ್ಟ್‌ಗೆ ಏರುತ್ತದೆ. ರೇಡಿಯೋದ ಗುಂಡಿ ಅಷ್ಟು ಏರುವುದಿಲ್ಲ. ಎರಡರ ನಡುವೆ ಉಳಿದ ಕೊಂಡಿ ಆಂಟೆನಾ ಕೇಬಲ್ಲಿನ ಹೊರಹೆಣಿಗೆ, ಅಂದರೆ ಒಳತಂತಿಯ ಸುತ್ತಲಿನ ಲೋಹದ ಹೊದಿಕೆ. ಕರೆಂಟು ಅದನ್ನೇ ಹಿಡಿದು ರೇಡಿಯೋದ ಒಳಗಿಂದ ದಾಟುತ್ತದೆ. ಉಪ್ಪು, ಇದ್ದಿಲು ಸುರಿದು 1 ಓಮ್‌ಗೆ ಇಳಿಸಿದರೂ 30,000 ವೋಲ್ಟ್ ಉಳಿಯುತ್ತದೆ. ಜಂಬಿಟ್ಟಿಗೆ ನೆಲದಲ್ಲಿ 1 ಓಮ್ ಸಿಗುವುದೂ ಕಷ್ಟ. ಎಲ್ಲವನ್ನೂ ಕೂಡಿಸಿದ್ದರೆ ಟವರ್, ರೇಡಿಯೋ, ಬ್ಯಾಟರಿ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ನಡುವೆ ವ್ಯತ್ಯಾಸ ಕಡಿಮೆಯಾದಷ್ಟು ಹಾನಿಯೂ ಕಡಿಮೆ.

ಕೂಡಿಸುವ ತಂತಿಯ ಉದ್ದವೂ ಮುಖ್ಯ. ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟು ಥಟ್ಟನೆ ಏರುವುದನ್ನು ತಡೆಯುವ ಗುಣ) ಇರುತ್ತದೆ. ಕರೆಂಟು ಮೈಕ್ರೋಸೆಕೆಂಡಿಗೆ 10,000 ಆಂಪಿಯರ್ ಏರಿದರೆ ಪ್ರತಿ ಮೀಟರಿಗೂ 10,000 ವೋಲ್ಟ್. ಗುಂಡಿಯ ಓಮ್ ಅಳೆಯುವ ಅರ್ಥ್ ಟೆಸ್ಟರ್ ಇದನ್ನು ತೋರಿಸುವುದಿಲ್ಲ. ಉಳಿದ ತಂತಿಯನ್ನು ಸುರುಳಿ ಸುತ್ತಿ ಟೈ ಹಾಕಿ ಬಿಡುವವರ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ. ಅಗಲ ಪಟ್ಟಿ ಬಳಸಿ, ನೇರ ಒಯ್ಯಿರಿ, ಬಾಗಿಸಲೇಬೇಕಾದರೆ 20 ಸೆಂಟಿಮೀಟರ್‌ಗಿಂತ ಕಡಿಮೆ ತ್ರಿಜ್ಯ ಬೇಡ.

ರೇಡಿಯೋ ಇರುವ ಕೊಠಡಿಯ ಸುತ್ತ, ಗೋಡೆಯಿಂದ 1 ಮೀಟರ್ ದೂರ, ಅರ್ಧ ಮೀಟರ್ ಆಳದಲ್ಲಿ ಲೋಹದ ಪಟ್ಟಿಯ ಉಂಗುರ ಹಾಕಿ ಟವರ್ ಬುಡಕ್ಕೆ ಕನಿಷ್ಠ ಎರಡು ಕಡೆ ಜೋಡಿಸಿ. ಕೇಬಲ್ಲಿನ ಹೊರಹೆಣಿಗೆಗೆ ಆಂಟೆನಾ ಹತ್ತಿರ, ಟವರಿನಿಂದ ಕೊಠಡಿಗೆ ತಿರುಗುವ ಮುನ್ನ, ಕೇಬಲ್ ಗೋಡೆ ದಾಟುವಲ್ಲಿನ ಪ್ರವೇಶದ ತಗಡಿನ ಹತ್ತಿರ, ಹೀಗೆ ಮೂರು ಕಡೆ ಅರ್ಥಿಂಗ್ ಕಿಟ್ (ಹೆಣಿಗೆಯನ್ನು ಅರ್ಥ್‌ಗೆ ಜೋಡಿಸುವ ಸಾಮಾನು) ಬೇಕು. ಕೇಬಲ್ಲಿನಲ್ಲಿ ಬರುವ ಸಿಡಿಲಿನ ಕರೆಂಟನ್ನು ಅರ್ಥ್‌ಗೆ ಇಳಿಸುವ ಅರೆಸ್ಟರ್ ಆ ತಗಡಿನ ಮೇಲೇ ಕೂರಲಿ, ರೇಡಿಯೋದ ಬೆನ್ನಿಗಲ್ಲ. ವಿದ್ಯುತ್ ಲೈನೂ ಅದೇ ಗೋಡೆಯಿಂದ ಬರಲಿ, ಅದರ ಸರ್ಜ್ ರಕ್ಷಕದ (ಲೈನಿನಲ್ಲಿ ಥಟ್ಟನೆ ಏರುವ ವೋಲ್ಟೇಜನ್ನು ತಡೆಯುವ ಸಾಧನ) ತಂತಿಗಳು ಒಟ್ಟು ಅರ್ಧ ಮೀಟರ್ ದಾಟದಿರಲಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಟವರ್‌ಗೆ ತಾಮ್ರವನ್ನು ನೇರ ಬಿಗಿಯಬೇಡಿ: ಮಳೆನೀರಿಗೆ ಸತು ಕರಗುತ್ತದೆ. ತವರ ಲೇಪಿಸಿದ ತಾಮ್ರ ಹಾಕಿ.

ಮೀಟರ್ ಬೋರ್ಡಿನ ಕೆಲಸ ಪರವಾನಗಿ ಇರುವ ಗುತ್ತಿಗೆದಾರರದು, ನೀವು ಕೈ ಹಾಕಬೇಡಿ. ಇಷ್ಟೆಲ್ಲ ಮಾಡಿದರೂ ಭಾರೀ ಸಿಡಿಲಿಗೆ ಏನೂ ಆಗದು ಎಂದು ಯಾರೂ ಬರೆದುಕೊಡಲಾರರು.

ಟವರ್ ತುದಿಯ ಕೆಂಪು ದೀಪದ ವೈರನ್ನು ಮಾತ್ರ ಮರೆಯಬೇಡಿ. ಅದು ತುದಿಯಿಂದ ಹೊರಟು ರೇಡಿಯೋಗೆ ಕರೆಂಟು ಕೊಡುವ ಬೋರ್ಡಿಗೇ ಸೇರುತ್ತದೆ. ಅದಕ್ಕೂ ಪ್ರವೇಶದಲ್ಲಿ ಒಂದು ರಕ್ಷಕ ಬೇಕು.